ಷರಾ

ರಿಜಿಸ್ಟರಿನಲ್ಲಿ ಕಾಲಂ ಆರು.
ಹೆಸರು, ವಯಸ್ಸು, ತೂಕ, ಎತ್ತರ,
ಐದು ಪದದ ವಾಕ್ಯ ಆಡುತ್ತದೆಯೇ, ಹೌದು ಅಥವಾ ಇಲ್ಲ,
ಕೊನೆಗೆ ಷರಾ, ಎರಡು ಬೆರಳಗಲ.
“ಕಂಡದ್ದು ಮಾತ್ರ ಬರೀರಿ ದಾಕ್ಷಾಯಣಮ್ಮ,
ಅನ್ನಿಸಿದ್ದು ಬೇಡ,” ಅಂದಿದ್ದಾರೆ ಮೇಲ್ವಿಚಾರಕಿ.
ಸರಿ. ಕಂಡದ್ದು.

ಅರಸೀಕೆರೆ, ರೈಲ್ವೆ ಕ್ವಾಟ್ರಸ್ಸಿನ ಹಿಂದಿನ ಅಂಗನವಾಡಿ,
ಬೆಳಿಗ್ಗೆ ಹತ್ತೂಕಾಲು.
ಮೋಕ್ಷಿತ, ಮೂರು ವರ್ಷ ಐದು ತಿಂಗಳು,
ಹನ್ನೆರಡು ಕಿಲೋ ಮುನ್ನೂರು,
ಹಸಿರು ಪಟ್ಟೆಯ ಅಂಚಿಗೆ ಹೇಗೋ ಜೋತುಬಿದ್ದ ಚುಕ್ಕೆ.
ಜೂನಿನಿಂದ ಇಲ್ಲಿ ಒಂದು ಮಾತು ಆಡಿಲ್ಲ.
ಮನೇಲಿ ಆಡ್ತಾನಾ ಅಂದರೆ
“ಅಯ್ಯೋ, ಬಾಯ್ ಮುಚ್ಚುದ್ರೆ ಸಾಕು ಅನ್ಸುತ್ತೆ ಕಣವ್ವ,”
ಕಾಯಿ ಸುಲಿದು ಕಪ್ಪಾದ ಬೆರಳಲ್ಲಿ
ಅವನ ಮೂಗು ಒರೆಸುತ್ತಾಳೆ ಅಜ್ಜಿ.

ಪ್ರಾರ್ಥನೆಗೆ ಅರ್ಧ ಕೈ ಮುಗಿಯುತ್ತಾನೆ,
ಇನ್ನರ್ಧ ಚಡ್ಡಿ ಹಿಡಿದಿರುತ್ತದೆ.
ಆಮೇಲೆ ಹೊಸ್ತಿಲು.
ಅಲ್ಲಿ ಚಪ್ಪಲಿ: ಇಪ್ಪತ್ತೊಂದು ಜೊತೆ, ಒಂದು ಒಂಟಿ.
ಕೂ ಅನ್ನುವುದಿಲ್ಲ, ಚುಕುಬುಕು ಅನ್ನುವುದಿಲ್ಲ,
ಬಾಗಿಲಿಂದ ನಲ್ಲಿಯ ತನಕ ಸುಮ್ಮನೆ ಸಾಲು ಹಚ್ಚುತ್ತಾನೆ.
ಜೊತೆಗೊಂದು ಬೋಗಿ. ತಪ್ಪಿಯೂ
ಒಬ್ಬರ ಎಡ ಇನ್ನೊಬ್ಬರ ಬಲಕ್ಕೆ ಸೇರದು.
ನನ್ನದು, ಬೋರಮ್ಮನದು, ದೊಡ್ಡವರದು ಲೆಕ್ಕಕ್ಕಿಲ್ಲ.
ಒಂಟಿ ಚಪ್ಪಲಿ ಯಾರದೋ,
ಹೋದ ವರ್ಷದಿಂದ ಕೇಳಿದವರಿಲ್ಲ,
ಅದೇ ಇಂಜಿನ್ನು.

ಸ್ಟೇಷನ್ನಿನ ಮೈಕು “ಪ್ರಯಾಣಿಕರ ಗಮನಕ್ಕೆ” ಅಂದಾಗ
ಕೈ ನಿಲ್ಲುತ್ತದೆ, ಕಿವಿ ನಿಮಿರುತ್ತದೆ.
ಹುಬ್ಬಳ್ಳಿ ಅಂದರೆ ಇಂಜಿನ್ನು ಇದ್ದಲ್ಲೇ.
ಹಾಸನ ಅಂದರೆ
ಕಿತ್ತು, ಸಾಲಿನ ಪಕ್ಕದಲ್ಲೇ ನಡೆಸಿಕೊಂಡು ಹೋಗಿ
ಇನ್ನೊಂದು ತುದಿಗೆ ತಗುಲಿಸುತ್ತಾನೆ.
ಇದು ನನಗೆ ಹೊಳೆಯಲು ಮೂರು ವಾರ ಬೇಕಾಯಿತು.
ಅದಕ್ಕೂ ಮುಂಚೆ ಹದಿನೆಂಟು ವರ್ಷ
ಈ ಹೊಸ್ತಿಲ ಚಪ್ಪಲಿ ದಾಟಿಕೊಂಡೇ ಓಡಾಡಿದ್ದೇನೆ.

ಇವತ್ತು ಅಲ್ಫಿಯಾ.
ಮೂರು ತುಂಬಿ ಒಂಬತ್ತು ದಿನ, ಇಲ್ಲಿಗೆ ಎರಡನೇ ದಿನ.
ಕಿಟಕಿ ಸರಳಿಗೆ ಹಣೆ ಒತ್ತಿ ಅಮ್ಮೀ, ಅಮ್ಮೀ.
ಗಿಲಕಿ ಆಡಿಸಿದೆ, ಬೆಲ್ಲ ಕೊಟ್ಟೆ,
ಇಲ್ಲದ ಕಾಗೆ ತೋರಿಸಿದೆ,
ಬೋರಮ್ಮ ಹೆಸರುಕಾಳಿನ ಸೌಟು ಹಿಡಿದೇ ಬಂದು ಕುಣಿದಳು.
ಅಳು ಇನ್ನೂ ಜಾಸ್ತಿಯಾಯಿತು,
ಕುಣಿತ ನೋಡಿ ಇರಬೇಕು.

ಆಗ ಅವನು ಎದ್ದ.
ಓಡುತ್ತಿದ್ದ ರೈಲಿನ ನಡುವಿಂದ ಒಂದು ಬೋಗಿ ಬಿಚ್ಚಿದ,
ಗುಲಾಬಿ ಬಣ್ಣದ್ದು, ಮೇಲಿನ ಹೂ ಮುರಿದದ್ದು.
ತಂದು ಅವಳ ಪಾದದ ಮುಂದೆ ಇಟ್ಟ.
ಅವಳ ಮುಖ ನೋಡಲಿಲ್ಲ.
ವಾಪಸು ಹೋಗಿ, ಹಿಂದಿನ ಬೋಗಿಗಳನ್ನೆಲ್ಲ ಮುಂದೆ ತಳ್ಳಿ
ಸಂದು ಮುಚ್ಚಿದ.

ಅವಳು ಎಡಕ್ಕೆ ಬಲದ್ದು, ಬಲಕ್ಕೆ ಎಡದ್ದು ತೊಟ್ಟಳು.
ಅಳು ನಿಂತ ಮೇಲೆ ಎರಡು ಬಿಕ್ಕಳಿಕೆ
ತಡವಾಗಿ ಬಂದವು, ಗಾಡಿ ತಪ್ಪಿಸಿಕೊಂಡವರ ಹಾಗೆ.
ಒಳಗೆ ಚಪ್ಪಲಿ ಹಾಕಬಾರದೆಂದು ಗೋಡೆಯ ಮೇಲೆ ನಾನೇ ಬರೆದಿದ್ದೇನೆ.
ಮೊಟ್ಟೆ ತಿಂದಳು, ಮಲಗಿದಳು, ಎದ್ದಳು,
ಎಲ್ಲ ಚಪ್ಪಲಿ ಕಾಲಲ್ಲೇ.

ಐದನೇ ಕಾಲಮಿನ ಮುಂದೆ ಪೆನ್ಸಿಲು ಹಿಡಿದು ಕೂತೆ.
ನೀನು ಬೇಕಾದಾಗ ಎದ್ದು ಮನೆಗೆ ಹೋಗಬಹುದು.
ಬೆರಳು ಮಡಚಿ ಎಣಿಸಿದೆ. ಆರು.
‘ನೀನು’ ತೆಗೆದರೆ ಐದು.
ಆದರೆ ಈ ಮಾತು ನನ್ನದು, ಅವನದಲ್ಲ.
ಅವಳ ಅಳುವಿಗೆ ಮೈಕು ಕೇಳಿಸದೆ
ರೈಲು ತಡವಾಗುತ್ತಿತ್ತೋ ಏನೋ.
‘ಇಲ್ಲ’ ಎಂದು ಬರೆದೆ. ಷರಾದಲ್ಲಿ
‘ಯಾವ ಚಪ್ಪಲಿ ಯಾರದೆಂದು ಬಲ್ಲ.’
ಅಷ್ಟಕ್ಕೇ ಎರಡು ಬೆರಳು ತುಂಬಿತು.

ನಾಲ್ಕಕ್ಕೆ ಬೀಗ. ಮಕ್ಕಳು ಹೋಗಿಯಾಗಿತ್ತು,
ಇಂಜಿನ್ನು ಒಂದೇ ನಲ್ಲಿಯ ಹತ್ತಿರ ನಿಂತಿತ್ತು.
ನನ್ನ ಚಪ್ಪಲಿ ಇಟ್ಟಲ್ಲಿ ಇರಲಿಲ್ಲ.
ನಾಯಿಯೇನಾದರೂ ಅಂತ ಬೀದಿಯ ತನಕ ಬರಿಗಾಲಲ್ಲಿ ಹೋಗಿ ಬಂದೆ.
ಕೊನೆಗೆ ಬೋರಮ್ಮನಿಗೇ ಸಿಕ್ಕಿತು,
ನೀರಿನ ಡ್ರಮ್ಮಿನ ಹಿಂದೆ,
ಒಂದರೊಳಗೊಂದು ಸಿಕ್ಕಿಸಿ,
ಮೇಲೆ ಗೋಣಿತಟ್ಟು ಮುಚ್ಚಿ.